ಮೌನಕ್ಕೆ ಹದಿನೆಂಟು ತಿಂಗಳು

ಸೂಸನ್ ಮೆಕ್‌ಡೂಗಲ್ ಗ್ರ್ಯಾಂಡ್ ಜ್ಯೂರಿಯ ಮುಂದೆ ತಮ್ಮ ಹೆಸರು ಹೇಳಿದರು. ಅಲ್ಲಿಂದಾಚೆಗೆ ತುಟಿ ಬಿಚ್ಚಲಿಲ್ಲ. ಅದು 1996ರ ಸೆಪ್ಟೆಂಬರ್. ಜಾಗ ಅಮೆರಿಕದ ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್. ಎಪ್ಪತ್ತರ ದಶಕದ ಕೊನೆಯಲ್ಲಿ ಸೂಸನ್ ಮತ್ತು ಅವರ ಆಗಿನ ಗಂಡ ಜಿಮ್, ಬಿಲ್ ಮತ್ತು ಹಿಲರಿ ಕ್ಲಿಂಟನ್ ದಂಪತಿಯ ಜೊತೆ ಪಾಲುದಾರರಾಗಿ ವೈಟ್‌ವಾಟರ್ ಹೆಸರಿನ ಜಮೀನು ವ್ಯವಹಾರಕ್ಕೆ ಕೈ ಹಾಕಿದ್ದರು. ವ್ಯವಹಾರ ನಷ್ಟವಾಯಿತು, ಕ್ಲಿಂಟನ್ ಅಧ್ಯಕ್ಷರಾದರು, ಹಳೆಯ ಕಡತಗಳು ಎದ್ದು ಕೂತವು. ಸಾಲದ ವಂಚನೆಯ ಪ್ರಕರಣವೊಂದರಲ್ಲಿ ಸೂಸನ್ ತಪ್ಪಿತಸ್ಥರೆಂದು ಅದೇ ವರ್ಷ ತೀರ್ಮಾನವಾಗಿ ಎರಡು ವರ್ಷದ ಶಿಕ್ಷೆಯೂ ಆಗಿತ್ತು. ಈಗ ಸ್ವತಂತ್ರ ಪ್ರಾಸಿಕ್ಯೂಟರ್ ಕೆನೆತ್ ಸ್ಟಾರ್ ಅವರ ಕಡೆಯವರಿಗೆ ಬೇಕಿದ್ದದ್ದು ಬೇರೆ: ಆ ಸಾಲದ ವಿಷಯ ಕ್ಲಿಂಟನ್‌ಗೆ ಗೊತ್ತಿತ್ತೇ? ಕ್ಲಿಂಟನ್ ನುಡಿದ ಸಾಕ್ಷ್ಯ ನಿಜವೇ?

ಹೇಳಿದ್ದನ್ನು ಅವರ ಮೇಲೇ ತಿರುಗಿಸುವುದಿಲ್ಲ ಎಂಬ ರಕ್ಷಣೆ ಸಿಕ್ಕಿತ್ತು. ಆದರೂ ಸೂಸನ್ ಒಪ್ಪಲಿಲ್ಲ. ಸ್ಟಾರ್ ಕೇಳಬಯಸುವ ಉತ್ತರ ಕೊಡದಿದ್ದರೆ ಸುಳ್ಳು ಸಾಕ್ಷ್ಯದ ಕೇಸು ಜಡಿಯುತ್ತಾರೆ ಎಂಬುದು ಅವರ ಅಂಜಿಕೆ. ನ್ಯಾಯಾಧೀಶೆ ಸೂಸನ್ ವೆಬರ್ ರೈಟ್ ನ್ಯಾಯಾಂಗ ನಿಂದನೆ ಎಂದು ಜೈಲಿಗೆ ಕಳಿಸಿದರು. ಕಾನೂನು ಅನುಮತಿಸುವ ಗರಿಷ್ಠ ಅವಧಿ ಹದಿನೆಂಟು ತಿಂಗಳು. ಸೂಸನ್ ಅಷ್ಟನ್ನೂ ಪೂರೈಸಿದರು. ಅದು ಮುಗಿದ ಮೇಲೆ ಮೂಲ ಶಿಕ್ಷೆ ಶುರುವಾಯಿತು. ಅದರ ನಡುವೆಯೇ ಮಾತಾಡದ ತಪ್ಪಿಗೆ ಹೊಸದಾಗಿ ಕ್ರಿಮಿನಲ್ ಮೊಕದ್ದಮೆ ಬಿತ್ತು.

ಕತೆಯ ಸ್ವಾರಸ್ಯ ಇರುವುದು ಆ ಮೊಕದ್ದಮೆಯಲ್ಲಿ. 1999ರಲ್ಲಿ ತೆರೆದ ಕೋರ್ಟಿನಲ್ಲಿ, ಪಕ್ಕದಲ್ಲಿ ತಮ್ಮ ವಕೀಲರು, ಎದುರಿಗೆ ನ್ಯಾಯಾಧೀಶರು, ಹಿಂದೆ ಪತ್ರಕರ್ತರು ಇರುವಾಗ ಸೂಸನ್ ಕಟಕಟೆ ಏರಿ ಅವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ತಮಗೆ ತಿಳಿದ ಮಟ್ಟಿಗೆ ಕ್ಲಿಂಟನ್ ಹೇಳಿದ್ದು ನಿಜ ಎಂದರು. ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪದಿಂದ ಬಿಡುಗಡೆಯಾದರು. ನಿಂದನೆಯ ಆರೋಪದಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಹದಿನೆಂಟು ತಿಂಗಳ ಸೆರೆ ಹೊರಡಿಸಲಾಗದ ಮಾತನ್ನು ತೆರೆದ ಬಾಗಿಲಿನ ಕೋಣೆ ಹೊರಡಿಸಿತು. ಸಾಕ್ಷಿಯನ್ನು ಬಲವಂತವಾಗಿ ಮಾತಾಡಿಸುವುದು ನ್ಯಾಯವೇ ಎಂದು ಕೇಳುವವರು ಮೊದಲು ಎಲ್ಲಿ, ಯಾರ ಎದುರು ಎಂದೂ ಕೇಳಬೇಕು ಎಂದು ನನಗನ್ನಿಸುವುದು ಇದರಿಂದಲೇ.

ನ್ಯಾಯಾಧೀಶರಿಲ್ಲದ ನ್ಯಾಯಾಲಯ

ನಮ್ಮಲ್ಲಿ ಜ್ಯೂರಿ ಎಂದರೆ ತಕ್ಷಣ ನೆನಪಾಗುವುದು 1959ರ ಮುಂಬೈನ ನಾನಾವತಿ ಕೇಸು. ಅದು ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ವಿಚಾರಣಾ ಜ್ಯೂರಿ. ಗ್ರ್ಯಾಂಡ್ ಜ್ಯೂರಿಯ ಕೆಲಸ ಅದಕ್ಕಿಂತ ಹಿಂದಿನದು: ಒಬ್ಬನ ಮೇಲೆ ದೋಷಾರೋಪ ಹೊರಿಸಲು ಸಾಕಷ್ಟು ಆಧಾರ ಇದೆಯೇ ಎಂದು ನೋಡುವುದು. ಇದರ ಬೇರು 1166ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಹೊರಡಿಸಿದ ಕಟ್ಟಳೆಯಲ್ಲಿದೆ. ಅಮೆರಿಕ ಅದನ್ನು 1791ರ ಐದನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೇ ಸೇರಿಸಿಕೊಂಡಿತು. ಇಂಗ್ಲೆಂಡ್ 1933ರ ಕಾಯ್ದೆಯಿಂದ ಬಹುಮಟ್ಟಿಗೆ ಕೈಬಿಟ್ಟಿತು. ಅಮೆರಿಕ ಬಿಡಲಿಲ್ಲ.

ಸಂವಿಧಾನ ಬರೆದವರಿಗೆ ಅದರ ಮೇಲೆ ಪ್ರೀತಿ ಇದ್ದದ್ದಕ್ಕೆ ಕಾರಣವಿದೆ. ಬ್ರಿಟಿಷ್ ಗವರ್ನರ್ ಒಬ್ಬನನ್ನು ಟೀಕಿಸಿದ ಜಾನ್ ಪೀಟರ್ ಝೆಂಗರ್ ಎಂಬ ನ್ಯೂಯಾರ್ಕ್ ಮುದ್ರಕನ ಮೇಲೆ ಆರೋಪ ಹೊರಿಸಲು ಅಲ್ಲಿನ ಗ್ರ್ಯಾಂಡ್ ಜ್ಯೂರಿ ಒಪ್ಪಿರಲಿಲ್ಲ. ದೊರೆಗೂ ಪ್ರಜೆಗೂ ನಡುವೆ ನಿಲ್ಲುವ ನಾಗರಿಕರ ಬೇಲಿ ಅದು ಎಂದು ನಂಬಿದರು. ಆಮೇಲೆ ಆದದ್ದು ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

ಇವತ್ತಿನ ಫೆಡರಲ್ ಗ್ರ್ಯಾಂಡ್ ಜ್ಯೂರಿಯಲ್ಲಿ 16ರಿಂದ 23 ಮಂದಿ ಸಾಮಾನ್ಯ ನಾಗರಿಕರು ಇರುತ್ತಾರೆ. (ಅಲ್ಲಿನ ಪೌರತ್ವ ಪಡೆದ ನಮ್ಮ ಕನ್ನಡಿಗರಿಗೂ ಕರೆ ಬರಬಹುದು. ಸಾಕ್ಷಿಯಾಗಿ ಬರಲು ಪೌರತ್ವವೂ ಬೇಕಿಲ್ಲ, ಸಮನ್ಸ್ ಸಾಕು.) ಹನ್ನೆರಡು ಮಂದಿ ಒಪ್ಪಿದರೆ ದೋಷಾರೋಪ. ಒಂದೊಂದು ಜ್ಯೂರಿಯ ಅವಧಿ ಸಾಮಾನ್ಯವಾಗಿ ಹದಿನೆಂಟು ತಿಂಗಳು. ಬಾಗಿಲು ಮುಚ್ಚಿದ ಕೋಣೆ. ಒಳಗೆ ಜ್ಯೂರಿ, ಸರ್ಕಾರದ ಪ್ರಾಸಿಕ್ಯೂಟರ್, ಹೇಳಿದ್ದನ್ನು ದಾಖಲಿಸಿಕೊಳ್ಳುವವರು, ಸಾಕ್ಷಿ. ನ್ಯಾಯಾಧೀಶರು ಇಲ್ಲ. ಆರೋಪಕ್ಕೆ ಗುರಿಯಾದವನಾಗಲಿ ಅವನ ವಕೀಲನಾಗಲಿ ಇಲ್ಲ. ಪಾಟೀ ಸವಾಲು ಇಲ್ಲ. ಸಾಕ್ಷಿಯ ವಕೀಲನೂ ಒಳಗೆ ಬರುವಂತಿಲ್ಲ; ಹೊರಗೆ ಕಾರಿಡಾರಿನಲ್ಲಿ ಕಾಯಬೇಕು. ಪ್ರಶ್ನೆ ಕೇಳಿದಾಗಲೆಲ್ಲ ಸಾಕ್ಷಿ ಎದ್ದು ಹೊರಗೆ ಹೋಗಿ, ವಕೀಲರ ಕಿವಿಯಲ್ಲಿ ಪಿಸುಗುಟ್ಟಿ, ಮತ್ತೆ ಒಳಗೆ ಬಂದು ಕೂರಬಹುದು. ಹತ್ತಿಪ್ಪತ್ತು ಮಂದಿಯ ಎದುರು ಹಾಗೆ ಎದ್ದು ಕೂತು ಮಾಡುವ ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ಕಳ್ಳನಂತೆಯೇ ಕಾಣುತ್ತಾನೆ.

ಆರೋಪಿಯ ಪರವಾದ ಸಾಕ್ಷ್ಯ ಕೈಯಲ್ಲಿದ್ದರೂ ಅದನ್ನು ಜ್ಯೂರಿಗೆ ತೋರಿಸುವ ಕಟ್ಟುಪಾಡು ಪ್ರಾಸಿಕ್ಯೂಟರ್‌ಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಹೀಗಿರುವಾಗ ಜ್ಯೂರಿ ಬೇಡ ಎನ್ನುವುದು ಯಾವಾಗ? 2010ರ ಅಂಕಿಅಂಶದಂತೆ ಸುಮಾರು 1,62,000 ಫೆಡರಲ್ ಪ್ರಕರಣಗಳಲ್ಲಿ ಗ್ರ್ಯಾಂಡ್ ಜ್ಯೂರಿ ಇಲ್ಲವೆಂದದ್ದು 11ಕ್ಕೆ. ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಸ್ಯಾಂಡ್‌ವಿಚ್ ಮೇಲೂ ಆರೋಪ ಹೊರಿಸಬಲ್ಲರು ಎಂದು 1985ರಲ್ಲಿ ಹಂಗಿಸಿದವರು ನ್ಯೂಯಾರ್ಕಿನ ಮುಖ್ಯ ನ್ಯಾಯಾಧೀಶ ಸಾಲ್ ವಾಕ್ಟ್ಲರ್. ತೊಂಬತ್ತರ ದಶಕದಲ್ಲಿ ಮಹಿಳೆಯೊಬ್ಬರನ್ನು ಕಾಡಿದ ಪ್ರಕರಣದಲ್ಲಿ ಅವರೇ ಜೈಲು ಕಂಡರು.

ಬಲವಂತವೇ ಬೇಡ ಎನ್ನಬಹುದೇ?

ಎನ್ನಲಾಗದು. ಸಾಕ್ಷಿ ಹೇಳುವುದು ಇಷ್ಟವಿದ್ದರೆ ಮಾತ್ರ ಮಾಡುವ ಉಪಕಾರವಾದರೆ ಬಲಾಢ್ಯರ ಮೇಲೆ ಒಂದು ಕೇಸೂ ನಿಲ್ಲುವುದಿಲ್ಲ. ಪೆನ್ಸಿಲ್ವೇನಿಯಾ ರಾಜ್ಯದ ಗ್ರ್ಯಾಂಡ್ ಜ್ಯೂರಿ 2018ರ ಆಗಸ್ಟ್‌ನಲ್ಲಿ ಹೊರಬಿಟ್ಟ ವರದಿಯನ್ನು ನೋಡಿ. ಆರು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಲ್ಲಿ 300ಕ್ಕೂ ಹೆಚ್ಚು ಪಾದ್ರಿಗಳು ದಶಕಗಟ್ಟಲೆ 1,000ಕ್ಕೂ ಹೆಚ್ಚು ಮಕ್ಕಳ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯ ಅದರಿಂದ ಬಯಲಾಯಿತು. ಬಿಷಪ್‌ಗಳ ಬೀಗದಲ್ಲಿದ್ದ ಗುಪ್ತ ಕಡತಗಳನ್ನು ಹೊರತಂದದ್ದು ಆ ಜ್ಯೂರಿಯ ಸಮನ್ಸ್. ಬೇಡಿಕೊಂಡಿದ್ದರೆ ಅವು ಎಂದೂ ಸಿಗುತ್ತಿರಲಿಲ್ಲ. 1973ರಲ್ಲಿ ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯ ಧ್ವನಿಸುರುಳಿಗಳನ್ನು ಕೊಡಬೇಕೆಂದು ಹೇಳಿದ್ದೂ ಗ್ರ್ಯಾಂಡ್ ಜ್ಯೂರಿಯ ಸಮನ್ಸೇ. ದೇಶದ ಅಧ್ಯಕ್ಷನೂ ಬಾಗಿಲು ಹಾಕಿಕೊಂಡು ಕೂರುವಂತಿಲ್ಲ ಎಂಬ ತತ್ವಕ್ಕೆ ಬೆಲೆ ಕಟ್ಟಲಾಗದು. ಗುಟ್ಟಿಗೂ ಒಂದು ನ್ಯಾಯವಿದೆ: ಆರೋಪ ಹೊರಿಸದೆ ಬಿಟ್ಟವನ ಹೆಸರು ಬೀದಿಗೆ ಬರುವುದಿಲ್ಲ, ಮಾಫಿಯಾದ ವಿರುದ್ಧ ಹೇಳಿದವನ ಹೆಸರು ಮಾಫಿಯಾಕ್ಕೆ ತಿಳಿಯುವುದಿಲ್ಲ.

ಇದನ್ನೆಲ್ಲ ಒಪ್ಪಿಕೊಂಡೇ ಮುಂದಿನದನ್ನು ಕೇಳಬೇಕು.

ತನ್ನ ಮೇಲೆಯೇ ತಾನು ಸಾಕ್ಷಿ ಹೇಳಬೇಕಾಗಿಲ್ಲ ಎನ್ನುವುದೂ ಐದನೇ ತಿದ್ದುಪಡಿಯ ಮಾತೇ. ಗ್ರ್ಯಾಂಡ್ ಜ್ಯೂರಿಯನ್ನು ಕೊಟ್ಟ ಸಾಲುಗಳ ಬೆನ್ನಿಗೇ ಅದೂ ಇದೆ. ಹಾಗಾದರೆ ಸಾಕ್ಷಿಯನ್ನು ಬಲವಂತಪಡಿಸುವುದು ಹೇಗೆ? ರಕ್ಷಣೆ ಕೊಟ್ಟು. 1892ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿತ್ತು: ಅರ್ಧಂಬರ್ಧ ರಕ್ಷಣೆ ಸಾಲದು. ಅದರ ಮರುವರ್ಷ ಬಂದ ಕಾಯ್ದೆಯಂತೆ, ಬಲವಂತದಿಂದ ಯಾವ ಕೃತ್ಯದ ಬಗ್ಗೆ ಹೇಳಿಸಿದರೋ ಆ ಕೃತ್ಯಕ್ಕಾಗಿ ಸಾಕ್ಷಿಯ ಮೇಲೆ ಎಂದೂ ಕೇಸು ಹಾಕುವಂತಿರಲಿಲ್ಲ. ಸಾಕ್ಷ್ಯ ಬೇಕೇ, ಕೇಸು ಬೇಕೇ, ಒಂದನ್ನು ಆರಿಸಿಕೊ ಎಂದು ಸರ್ಕಾರಕ್ಕೆ ಹೇಳಿದಂತಾಯಿತು. 1970ರಲ್ಲಿ ಸಂಘಟಿತ ಅಪರಾಧ ಮಟ್ಟಹಾಕುವ ಹೆಸರಿನಲ್ಲಿ ಬಂದ ಹೊಸ ಕಾಯ್ದೆ ಈ ಲೆಕ್ಕವನ್ನು ಬದಲಿಸಿತು. ಸಾಕ್ಷಿ ಹೇಳಿದ ಮಾತನ್ನು, ಅದರ ಜಾಡು ಹಿಡಿದು ಸಿಕ್ಕ ಪುರಾವೆಯನ್ನು ಅವನ ಮೇಲೆ ಬಳಸುವಂತಿಲ್ಲ, ಅಷ್ಟೇ. ಬೇರೆ ಕಡೆಯಿಂದ ಪುರಾವೆ ಸಿಕ್ಕರೆ ಅದೇ ಕೃತ್ಯಕ್ಕೆ ಕೇಸು ಹಾಕಬಹುದು. 1972ರ ಕಾಸ್ಟಿಗರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ಆಕ್ಷೇಪ ಸರಳವಾದದ್ದು: ಆ ಪುರಾವೆ ನಿಜಕ್ಕೂ ಬೇರೆ ಕಡೆಯಿಂದಲೇ ಬಂದದ್ದು ಎಂದು ಬಲ್ಲವರು ಯಾರು? ಅದನ್ನು ಹುಡುಕಿದ ಸರ್ಕಾರಿ ಮಂದಿಯೇ.

ಮಾರ್ಷಲ್ ಆತಂಕ ಪುಸ್ತಕದ್ದಲ್ಲ. ಇರಾನ್–ಕಾಂಟ್ರಾ ಹಗರಣದ ಆಲಿವರ್ ನಾರ್ತ್ 1987ರಲ್ಲಿ ಇಂಥದೇ ರಕ್ಷಣೆಯ ಅಡಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಮಾತಾಡಿದರು. ಇಡೀ ದೇಶ ಟಿವಿಯಲ್ಲಿ ನೋಡಿತು. ಮುಂದೆ ಅವರಿಗಾದ ಶಿಕ್ಷೆಯನ್ನು ಮೇಲಿನ ಕೋರ್ಟ್ 1990ರಲ್ಲಿ ರದ್ದು ಮಾಡಿತು: ವಿಚಾರಣೆಯಲ್ಲಿ ಸಾಕ್ಷಿ ಹೇಳಿದವರ ಮನಸ್ಸಿಗೆ ನಾರ್ತ್ ಆಡಿದ ಮಾತು ಇಳಿದಿಲ್ಲ ಎಂದು ಸಾಬೀತಾಗಿರಲಿಲ್ಲ. ನಾರ್ತ್ ಮಾತಾಡಿದ್ದು ಲೋಕಕ್ಕೆಲ್ಲ ಕೇಳಿಸುವಂತೆ, ಆದ್ದರಿಂದ ಅದು ಎಲ್ಲೆಲ್ಲಿ ಸೋರಿತು ಎಂದು ವಾದಿಸಲು ಸಾಧ್ಯವಾಯಿತು. ಮುಚ್ಚಿದ ಕೋಣೆಯ ಸಾಕ್ಷಿಗೆ ಆ ಅದೃಷ್ಟವೂ ಇಲ್ಲ.

ಬೀಗದ ಕೈ ಯಾರ ಬಳಿ?

ಮಾತಾಡದವರನ್ನು ಜೈಲಿಗೆ ಹಾಕುವುದು ಶಿಕ್ಷೆಯಲ್ಲ ಎನ್ನುತ್ತದೆ ಅಮೆರಿಕದ ಕಾನೂನು. ಅದು ಬರೀ ಒತ್ತಾಯ. ಬಾಯಿ ಬಿಟ್ಟ ಗಳಿಗೆಯಲ್ಲೇ ಬಿಡುಗಡೆ. ಹಾಗಾಗಿ ಬೀಗದ ಕೈ ಕೈದಿಯ ಜೇಬಿನಲ್ಲೇ ಇದೆ ಎಂಬ ಮಾತು ಅಲ್ಲಿನ ತೀರ್ಪುಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಓಡಾಡುತ್ತಿದೆ. ಕೇಳಲು ಚೆಂದ. ಆದರೆ ಶಿಕ್ಷೆಯಲ್ಲ ಎಂದ ಮೇಲೆ ಶಿಕ್ಷೆಗೆ ಬೇಕಾದ ವಿಧಿಗಳೂ ಬೇಡವಾಗುತ್ತವೆ. ದೋಷಾರೋಪ ಬೇಡ, ಜ್ಯೂರಿ ವಿಚಾರಣೆ ಬೇಡ, ನ್ಯಾಯಾಧೀಶರ ಒಂದು ಆದೇಶ ಸಾಕು. ಮಲಗುವುದು ಮಾತ್ರ ಅದೇ ಜೈಲಿನ ಅದೇ ಸಿಮೆಂಟು ಹಾಸಿನ ಕೋಣೆಯಲ್ಲಿ.

ಚೆಲ್ಸಿ ಮ್ಯಾನಿಂಗ್ ವಿಷಯದಲ್ಲಿ ಈ ವಾದ ಪೂರ್ತಿ ಬೆತ್ತಲಾಯಿತು. ಸೇನೆಯ ದಾಖಲೆಗಳನ್ನು ವಿಕಿಲೀಕ್ಸ್‌ಗೆ ಕೊಟ್ಟದ್ದಕ್ಕೆ 2013ರಲ್ಲಿ ಆಕೆಗೆ 35 ವರ್ಷದ ಶಿಕ್ಷೆಯಾಗಿತ್ತು. ಅಧ್ಯಕ್ಷ ಒಬಾಮ ಅದನ್ನು ಮೊಟಕುಗೊಳಿಸಿದ್ದರಿಂದ 2017ರಲ್ಲಿ ಬಿಡುಗಡೆಯಾಗಿತ್ತು. 2019ರ ಮಾರ್ಚ್‌ನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಗ್ರ್ಯಾಂಡ್ ಜ್ಯೂರಿ ಅದೇ ವಿಕಿಲೀಕ್ಸ್ ವಿಷಯಕ್ಕೆ ಮತ್ತೆ ಕರೆಯಿತು. ಹೇಳುವುದನ್ನೆಲ್ಲ ಸೇನಾ ನ್ಯಾಯಾಲಯದಲ್ಲೇ ಹೇಳಿಯಾಗಿದೆ, ಗುಟ್ಟಿನ ಈ ಕೋಣೆಯನ್ನು ನಾನು ಒಪ್ಪುವುದಿಲ್ಲ ಎಂದರು ಮ್ಯಾನಿಂಗ್. ಜೈಲಾಯಿತು. ಮೇ ತಿಂಗಳಲ್ಲಿ ಆ ಜ್ಯೂರಿಯ ಅವಧಿ ಮುಗಿದು ಬಿಡುಗಡೆಯಾಯಿತು. ಹೊರಗಿದ್ದದ್ದು ಒಂದು ವಾರ. ಹೊಸ ಜ್ಯೂರಿ, ಹೊಸ ಸಮನ್ಸ್, ಮತ್ತೆ ಜೈಲು. ಈ ಸಲ ದಂಡವೂ ಸೇರಿತು: ಮೂವತ್ತು ದಿನದ ಮೇಲೆ ದಿನಕ್ಕೆ 500 ಡಾಲರ್, ಅರವತ್ತು ದಿನದ ಮೇಲೆ ದಿನಕ್ಕೆ 1,000 ಡಾಲರ್. ಸಮನ್ಸ್ ಒಪ್ಪಿ ಬಂದ ಸಾಕ್ಷಿಗೆ ಫೆಡರಲ್ ಕೋರ್ಟ್ ಕೊಡುವ ದಿನಭತ್ಯೆ 40 ಡಾಲರ್.

ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸ್ಸಾಂಜ್ ಮೇಲಿನ ದೋಷಾರೋಪ ಅಷ್ಟರಲ್ಲಿ ಬಹಿರಂಗವಾಗಿತ್ತು, ಮೇ 23ರಂದು ಹಿಗ್ಗಿಸಿಯೂ ಆಗಿತ್ತು. ಇನ್ನು ಆಕೆಯ ಮಾತು ಯಾವುದಕ್ಕೆ ಬೇಕಿತ್ತು? ಇದು ಚಿತ್ರಹಿಂಸೆಗೆ ಸಮ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ನಿಲ್ಸ್ ಮೆಲ್ಜರ್ ಅಮೆರಿಕ ಸರ್ಕಾರಕ್ಕೆ ಬರೆದರು. ಪ್ರಯೋಜನವಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಮ್ಯಾನಿಂಗ್ ಜೈಲಿನಲ್ಲಿ ಜೀವ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆ ಸೇರಿದರು. ಮಾರನೆಯ ದಿನ ನ್ಯಾಯಾಧೀಶ ಆಂಥನಿ ಟ್ರೆಂಗ ಬಿಡುಗಡೆಗೆ ಆದೇಶಿಸಿದರು: ಜ್ಯೂರಿಯ ಕೆಲಸ ಮುಗಿದಿದೆ, ಆಕೆಯ ಸಾಕ್ಷ್ಯ ಇನ್ನು ಬೇಕಿಲ್ಲ. ಒಟ್ಟು ಕೂಡಿದ್ದ 2,56,000 ಡಾಲರ್ ದಂಡವನ್ನು ಮಾತ್ರ ಮನ್ನಾ ಮಾಡಲಿಲ್ಲ.

ಮ್ಯಾನಿಂಗ್ ಮಾಡಿದ್ದನ್ನು ಒಪ್ಪದವರೂ ಒಂದನ್ನು ಒಪ್ಪಬೇಕು. ಏಳು ವರ್ಷ ಸೆರೆಮನೆಯಲ್ಲಿ ಕಳೆದು ಬಂದ ಈ ವ್ಯಕ್ತಿ ಬಾಗುವವರಲ್ಲ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಬಾಗದವರ ಮೇಲೆ ಒತ್ತಾಯ ನಡೆಯದು. ಅಲ್ಲಿಂದ ಮುಂದೆ ಒಳಗಿಡುವ ಪ್ರತಿ ದಿನವೂ ಶಿಕ್ಷೆಯೇ. ಈ ಮಾತನ್ನು ಕೆಲವು ನ್ಯಾಯಾಧೀಶರು ಕೇಳಿಸಿಕೊಂಡದ್ದೂ ಉಂಟು. 2013ರ ಫೆಬ್ರವರಿಯಲ್ಲಿ ಸಿಯಾಟಲ್‌ನ ನ್ಯಾಯಾಧೀಶ ರಿಚರ್ಡ್ ಜೋನ್ಸ್, ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿದ್ದರೂ ಮಾತಾಡದ ಇಬ್ಬರು ತರುಣರನ್ನು, ಇನ್ನು ಇಟ್ಟರೂ ಇವರು ಮಾತಾಡುವುದಿಲ್ಲ ಎಂದು ಮನಗಂಡು ಬಿಟ್ಟರು. ಆದರೆ ಇದು ನ್ಯಾಯಾಧೀಶರ ವಿವೇಚನೆ, ಸಾಕ್ಷಿಯ ಹಕ್ಕಲ್ಲ.

ಪತ್ರಕರ್ತರ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಖಚಿತವಾಗಿಲ್ಲ. ಸುದ್ದಿಮೂಲವನ್ನು ಮುಚ್ಚಿಡುವ ಹಕ್ಕು ಗ್ರ್ಯಾಂಡ್ ಜ್ಯೂರಿಯ ಮುಂದೆ ಪತ್ರಕರ್ತರಿಗೆ ಇಲ್ಲ ಎಂದು 1972ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಪು ಕೊಟ್ಟಿತು. ನ್ಯೂಯಾರ್ಕ್ ಟೈಮ್ಸ್‌ನ ಜುಡಿತ್ ಮಿಲ್ಲರ್ 2005ರಲ್ಲಿ 85 ದಿನ ಜೈಲಿನಲ್ಲಿದ್ದದ್ದು ಅದರ ಫಲ. ಸಿಐಎ ಅಧಿಕಾರಿ ವ್ಯಾಲರಿ ಪ್ಲೇಮ್ ಗುರುತು ಬಯಲು ಮಾಡಿದವರು ಯಾರೆಂಬ ತನಿಖೆ ಅದು. ಮಿಲ್ಲರ್ ಕಾಪಾಡುತ್ತಿದ್ದದ್ದು ದಿಕ್ಕಿಲ್ಲದ ಗುಮಾಸ್ತನನ್ನಲ್ಲ, ಉಪಾಧ್ಯಕ್ಷರ ಬಲಗೈಯಾಗಿದ್ದ ಲೂಯಿಸ್ ಲಿಬ್ಬಿಯನ್ನು. ಅವರ ಬಗ್ಗೆ ಕಣ್ಣೀರು ಹಾಕುವುದು ನನಗೆ ಕಷ್ಟ. ಕೊನೆಗೆ ಲಿಬ್ಬಿಯವರ ಅನುಮತಿ ಸಿಕ್ಕಿತೆಂದು ಮಿಲ್ಲರ್ ಮಾತಾಡಿದರು. ಗ್ರ್ಯಾಂಡ್ ಜ್ಯೂರಿಗೆ ಸುಳ್ಳು ಹೇಳಿದ್ದಕ್ಕೆ 2007ರಲ್ಲಿ ಲಿಬ್ಬಿಗೆ ಎರಡೂವರೆ ವರ್ಷದ ಶಿಕ್ಷೆಯಾಯಿತು. ಅಧ್ಯಕ್ಷ ಬುಷ್ ಸೆರೆವಾಸವನ್ನು ರದ್ದು ಮಾಡಿದರು. ಸುಳ್ಳಾಡಿದವರು ಒಂದು ರಾತ್ರಿಯೂ ಒಳಗೆ ಮಲಗಲಿಲ್ಲ. ಸುಮ್ಮನಿದ್ದವರಿಗೆ 85 ದಿನ. ಪ್ರತಿಭಟನೆಯೊಂದರ ವಿಡಿಯೊ ಕೊಡಲೊಪ್ಪದ ಸ್ಯಾನ್ ಫ್ರಾನ್ಸಿಸ್ಕೊದ ತರುಣ ಜಾಶ್ ವುಲ್ಫ್‌ಗೆ 226 ದಿನ.

ಇನ್ನು ತಾಯಂದಿರು. ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಸಾಕ್ಷಿ ಹೇಳುವಂತೆ ಅಮೆರಿಕದ ಫೆಡರಲ್ ಕೋರ್ಟುಗಳು ಬಲವಂತಪಡಿಸುವುದಿಲ್ಲ. ವಕೀಲರ ಬಳಿ, ಮನೋವೈದ್ಯರ ಬಳಿ ಆಡಿದ ಮಾತಿಗೂ ರಕ್ಷಣೆಯಿದೆ. ಮಗಳು ತಾಯಿಯ ಬಳಿ ಹೇಳಿಕೊಂಡದ್ದಕ್ಕೆ ಇಲ್ಲ. 1998ರ ಫೆಬ್ರವರಿಯಲ್ಲಿ ಸ್ಟಾರ್ ತಂಡ ಮೋನಿಕಾ ಲೆವಿನ್‌ಸ್ಕಿಯ ತಾಯಿ ಮಾರ್ಷಾ ಲೂಯಿಸ್ ಅವರನ್ನು ಗ್ರ್ಯಾಂಡ್ ಜ್ಯೂರಿಯ ಮುಂದೆ ಕೂರಿಸಿ, ಮಗಳು ಅಧ್ಯಕ್ಷ ಕ್ಲಿಂಟನ್ ಬಗ್ಗೆ ಏನೇನು ಹೇಳಿದ್ದಳೆಂದು ಕೇಳಿತು. ಎರಡನೆಯ ದಿನ ದುಃಖ ತಡೆಯಲಾಗದೆ ಸಾಕ್ಷ್ಯ ಅರ್ಧಕ್ಕೇ ನಿಂತಿತು. ಕೊಲೆಯಲ್ಲ, ಭಯೋತ್ಪಾದನೆಯಲ್ಲ, ಖಾಸಗಿ ಸಂಬಂಧವೊಂದರ ಬಗ್ಗೆ ಸುಳ್ಳು ಹೇಳಿದ್ದಾರೆಯೇ ಎಂಬ ತನಿಖೆ. ಅಷ್ಟಕ್ಕೆ ತಾಯಿಯನ್ನು ಮಗಳ ಮೇಲೆ ತಿರುಗಿಸುವುದು ಕಾನೂನುಬದ್ಧವಾಗಿತ್ತು. ಬಲವಂತಕ್ಕೆ ಅಪರಾಧದ ತೂಕವನ್ನೂ ನೋಡಬೇಕೆಂಬ ನಿಯಮ ಇರಲಿಲ್ಲ.

ನಮ್ಮ ಮನೆಯ ಬಾಗಿಲು

ಗ್ರ್ಯಾಂಡ್ ಜ್ಯೂರಿ ನಮ್ಮಲ್ಲಿಲ್ಲ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 132ನೇ ಕಲಮು, ಉತ್ತರ ತನ್ನನ್ನೇ ಸಿಕ್ಕಿಸುತ್ತದೆ ಎಂದು ಸಾಕ್ಷಿ ಸುಮ್ಮನಿರುವಂತಿಲ್ಲ ಎಂದಿತು. ಹಾಗೆ ಹೇಳಿಸಿದ ಉತ್ತರವನ್ನು, ಸುಳ್ಳು ಸಾಕ್ಷ್ಯದ ಕೇಸಿಗೆ ಬಿಟ್ಟು, ಅವನ ಮೇಲೆ ಬಳಸುವಂತಿಲ್ಲ ಎಂದೂ ಸೇರಿಸಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಅಮೆರಿಕ 1970ರಲ್ಲಿ ತಲುಪಿದ ಜಾಗದ ಹತ್ತಿರ ನಾವು ನೂರು ವರ್ಷ ಮೊದಲೇ ಇದ್ದೆವು. ಆದರೆ ಇಲ್ಲಿ ಪ್ರಶ್ನೆ ಕೇಳುವುದು ತೆರೆದ ಕೋರ್ಟಿನಲ್ಲಿ, ನ್ಯಾಯಾಧೀಶರ ಎದುರಿನಲ್ಲಿ. ಆ ವ್ಯತ್ಯಾಸ ಸಣ್ಣದಲ್ಲ.

ಮುಚ್ಚಿದ ಕೋಣೆ ನಮ್ಮಲ್ಲೂ ಇದೆ. ಅದರ ಹೆಸರು ಜಾರಿ ನಿರ್ದೇಶನಾಲಯ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 50ನೇ ಕಲಮಿನಡಿ ಇ.ಡಿ. ಸಮನ್ಸ್ ಕೊಟ್ಟರೆ ಹೋಗಬೇಕು, ಉತ್ತರಿಸಬೇಕು, ಸಹಿ ಹಾಕಬೇಕು. ತಾನು ಸಾಕ್ಷಿಯೋ ಆರೋಪಿಯೋ ಎಂಬುದು ಕರೆಸಿಕೊಂಡವನಿಗೆ ಎಷ್ಟೋ ಸಲ ಒಳಗೆ ಹೋದ ಮೇಲೂ ತಿಳಿದಿರುವುದಿಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಎತ್ತಿಹಿಡಿಯಿತು. ಗ್ರ್ಯಾಂಡ್ ಜ್ಯೂರಿಯಲ್ಲಿ ಕನಿಷ್ಠ ಹದಿನಾರು ಮಂದಿ ಹೊರಗಿನವರಾದರೂ ಕೂತಿರುತ್ತಾರೆ.

ಕರ್ನಾಟಕಕ್ಕೆ ಈ ಚರ್ಚೆಯಲ್ಲಿ ಎರಡು ವಿರುದ್ಧ ದಿಕ್ಕಿನ ಪಾಲಿದೆ. ಬೆಂಗಳೂರು ಒಂದು ಕಾಲಕ್ಕೆ ಮಂಪರು ಪರೀಕ್ಷೆಯ ರಾಜಧಾನಿಯಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ತೊದಲಿದ್ದನ್ನು ಜನ ಟಿವಿಯಲ್ಲಿ ನೋಡಿದರು. ಅದಕ್ಕೆ ತಡೆ ಬಿದ್ದದ್ದು 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪಿನಲ್ಲಿ. ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಕೂಡದು. ಆರೋಪಿಗೆ ಮಾತ್ರವಲ್ಲ, ಸಾಕ್ಷಿಗೂ ಕೂಡದು ಎಂದಿತು ಕೋರ್ಟ್. ಇನ್ನೊಂದು ದಿಕ್ಕಿನಲ್ಲಿ ನಿಂತವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳೀಮಠ. ಅವರ ಸಮಿತಿಯ 2003ರ ವರದಿ, ಆರೋಪಿಯ ಮೌನದಿಂದ ಅವನಿಗೆ ಪ್ರತಿಕೂಲವಾದ ಅರ್ಥ ಹೊರಡಿಸಲು ಕೋರ್ಟಿಗೆ ಅವಕಾಶ ಬೇಕೆಂದು ಶಿಫಾರಸು ಮಾಡಿತು. ತಪ್ಪಿಸಿಕೊಳ್ಳುವ ಅಪರಾಧಿಗಳ ಸಂಖ್ಯೆ ಕಂಡು ರೋಸಿದ ಮಾತು ಅದು. ರೋಸುವುದಕ್ಕೆ ಕಾರಣವಿತ್ತು, ಪರಿಹಾರವನ್ನು ನಾನು ಒಪ್ಪಲಾರೆ.

ಅಮೆರಿಕದಲ್ಲಿ ಸರಿಪಡಿಸುವ ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ನ್ಯೂಯಾರ್ಕ್ ರಾಜ್ಯದ ಕಾನೂನಿನಂತೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷಿ ಹೇಳಿದವನಿಗೆ, ತಾನಾಗಿ ಬಿಟ್ಟುಕೊಡದ ಹೊರತು, ಆ ಕೃತ್ಯದ ಮಟ್ಟಿಗೆ ಪೂರ್ಣ ರಕ್ಷಣೆ ತಾನಾಗಿಯೇ ಸಿಗುತ್ತದೆ. ಸಾಕ್ಷಿಯ ವಕೀಲ ಒಳಗೆ ಕೂರಲು ಬಿಡುವ ರಾಜ್ಯಗಳೂ ಇವೆ; ಅಲ್ಲಿ ಅಪರಾಧಿಗಳ ತನಿಖೆ ನಿಂತುಹೋಗಿಲ್ಲ. ಫೆಡರಲ್ ಸರ್ಕಾರಕ್ಕೆ ಇವೆರಡೂ ಒಗ್ಗಿಲ್ಲ.

ಅದಕ್ಕೆ ಹದಿನೆಂಟು ತಿಂಗಳ ಮಿತಿಯೂ ಕೆಲವೊಮ್ಮೆ ಸಾಲದು. ಪ್ಯಾಲೆಸ್ತೀನ್ ಮೂಲದ ಪ್ರಾಧ್ಯಾಪಕ ಅಬ್ದುಲ್‌ಹಲೀಮ್ ಅಶ್ಕರ್ ಷಿಕಾಗೊದ ಗ್ರ್ಯಾಂಡ್ ಜ್ಯೂರಿಗೆ ಉತ್ತರಿಸಲು ಒಪ್ಪಲಿಲ್ಲ. ಹಮಾಸ್‌ಗೆ ನೆರವಾದ ಸಂಚಿನ ದೊಡ್ಡ ಆರೋಪವನ್ನೂ ಅವರ ಮೇಲೆ ಹೊರಿಸಲಾಗಿತ್ತು. 2007ರ ಫೆಬ್ರವರಿಯಲ್ಲಿ ವಿಚಾರಣಾ ಜ್ಯೂರಿ ಅದರಿಂದ ಅವರನ್ನು ಖುಲಾಸೆ ಮಾಡಿತು. ಮಾತಾಡದೆ ನಿಂದನೆ ಎಸಗಿದ ಮತ್ತು ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪಗಳಲ್ಲಿ ಮಾತ್ರ ತಪ್ಪಿತಸ್ಥರೆಂದಿತು. ಕ್ರಿಮಿನಲ್ ನಿಂದನೆಗೆ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ ಎಂಬುದೇ ನಿಗದಿಯಾಗಿಲ್ಲ. ನವೆಂಬರ್‌ನಲ್ಲಿ ನ್ಯಾಯಾಧೀಶೆ ಏಮಿ ಸೇಂಟ್ ಈವ್ ವಿಧಿಸಿದ ಶಿಕ್ಷೆ 135 ತಿಂಗಳು, ಅಂದರೆ ಹನ್ನೊಂದು ವರ್ಷ ಮೂರು ತಿಂಗಳು. ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.